‘ನೊರೊನೊರೊ ಊಟ ಮಾಡಿ’ ಅಂದರೆ ಅತಿಥಿ ಯಾಕೆ ನಕ್ಕರು?

ಪ್ರಶ್ನೆ: ಎರಡು ವರ್ಷದಿಂದ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಎನ್3 ಪರೀಕ್ಷೆ (ಜಪಾನಿ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ನಡುವಿನದು, ಅದರ ಮೇಲಿನದು ಎನ್2) ಮುಗಿದಿದೆ. ಕೊರೊಕೊರೊ, ನಿಕೊನಿಕೊ ಥರದ ಜೋಡಿಪದಗಳನ್ನು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಿದ್ದೇನೆ. ಅರ್ಥ ಗೊತ್ತು, ಆದರೆ ಬಳಸಿದಾಗಲೆಲ್ಲ ಎಡವಟ್ಟು. ಮೊನ್ನೆ ಮನೆಗೆ ಬಂದ ಜಪಾನಿ ಅತಿಥಿಗೆ ‘ನಿಧಾನವಾಗಿ ಊಟ ಮಾಡಿ’ ಅನ್ನೋಕೆ ‘ನೊರೊನೊರೊ ತಬೆತೆ ಕುದಸಾಯ್’ ಅಂದೆ. ಅವರು ನಕ್ಕುಬಿಟ್ಟರು. ನನ್ನ ನಿಘಂಟಿನಲ್ಲಿ ಯುಕ್ಕುರಿ ಅಂದರೂ ನಿಧಾನ, ನೊರೊನೊರೊ ಅಂದರೂ ನಿಧಾನ. ಈ ಸೂಕ್ಷ್ಮ ಹಿಡಿಯೋದು ಹೇಗೆ?

ಉತ್ತರ: ಅವರು ನಕ್ಕಿದ್ದು ಒಳ್ಳೆಯದೇ ಆಯ್ತು. ಸುಮ್ನೆ ತಲೆಯಾಡಿಸಿದ್ದರೆ ನೀವು ಇನ್ನೂ ಹತ್ತು ಜನರಿಗೆ ಹಾಗೇ ಹೇಳುತ್ತಿದ್ದಿರಿ.

ಯುಕ್ಕುರಿಯಲ್ಲಿ ಇರೋದು ಬಿಡುವು. ಅವಸರವಿಲ್ಲ, ಆರಾಮಾಗಿ ಅನ್ನೋ ಭಾವ. ನೊರೊನೊರೊದಲ್ಲಿ ಇರೋದು ನೋಡುತ್ತಿರುವವನ ಅಸಹನೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಬಸ್ಸು ನೊರೊನೊರೊ ಹೋಗುತ್ತೆ. ಶಾಲೆಗೆ ಹೊತ್ತಾದರೂ ಷೂ ಹಾಕಿಕೊಳ್ಳದ ಮಗ ನೊರೊನೊರೊ ಮಾಡುತ್ತಾನೆ. ವೇಗ ಎರಡರಲ್ಲೂ ಅಷ್ಟೇ ಇರಬಹುದು. ಬೇರೆಯಾಗಿರೋದು ಹೇಳುವವನ ಮುಖ.

ಇದನ್ನು ತಿರುಗಿಸಿ ನೋಡಿ. ಕನ್ನಡ ಕಲಿಯುತ್ತಿರೋ ಒಬ್ಬರ ಪಟ್ಟಿಯಲ್ಲಿ ‘ಗಬಗಬ ಅಂದರೆ ಬೇಗ’ ಅಂತಿದೆ. ಅವರು ಮದುವೆ ಪಂಕ್ತಿಯಲ್ಲಿ ಪಕ್ಕದ ಹಿರಿಯರಿಗೆ ಬಹಳ ವಿನಯದಿಂದ ‘ಗಬಗಬ ತಿನ್ನಿ ಸಾರ್, ಬಸ್ಸಿಗೆ ಹೊತ್ತಾಯ್ತು’ ಅಂದರು. ನಿಮ್ಮ ಅತಿಥಿಗೆ ಕೇಳಿಸಿದ್ದು ಅದು. ಗಬಗಬದ ಅರ್ಥ ಹೇಳುವಾಗ ನಮಗೆ ‘ಬೇಗ’ ಅನ್ನೋ ಪದ ಸಾಲೋದಿಲ್ಲ, ಅಲ್ವಾ? ಹಸಿದ ಬಾಯಿ, ತುಂಬಿದ ಕೆನ್ನೆ, ಸ್ವಲ್ಪ ನಾಚಿಕೆಗೇಡು, ಎಲ್ಲ ಸೇರಿಯೇ ಗಬಗಬ. ಜಪಾನಿ ಜೋಡಿಪದವೂ ಹೀಗೆ ಒಂದು ಪುಟ್ಟ ದೃಶ್ಯ. ನೀವು ದೃಶ್ಯ ಬಿಟ್ಟು ಅಡಿಬರಹವನ್ನು ಮಾತ್ರ ಬಾಯಿಪಾಠ ಮಾಡಿದ್ದೀರಿ.

ನನ್ನದೇ ಒಂದು ಪೆಚ್ಚು ಹೇಳುತ್ತೇನೆ. ಜಪಾನಿಗೆ ಹೋದ ಮೊದಲ ವರ್ಷ ಎರಡು ದಿನ ಹೊಟ್ಟೆನೋವು ಬಿಡಲಿಲ್ಲ. ಹತ್ತಿರದ ಒಂದು ಸಣ್ಣ ಕ್ಲಿನಿಕ್‌ಗೆ ಹೋದೆ. ವೈದ್ಯೆ ಮೃದುವಾಗಿ ಕೇಳಿದರು: ‘ಕಿರಿಕಿರಿ ಇತಮಿಮಸು ಕಾ?’ ನನಗೆ ಜೀವ ಬಂದ ಹಾಗಾಯ್ತು. ಪರದೇಶದಲ್ಲಿ ಕನ್ನಡ! ನಿದ್ದೆ ಕೆಟ್ಟು ನಿಜವಾಗಲೂ ಕಿರಿಕಿರಿ ಆಗಿತ್ತು. ‘ಹಾಯ್, ತೊತೆಮೊ ಕಿರಿಕಿರಿ’ ಅಂದೆ. ಹೌದು, ಬಹಳ ಕಿರಿಕಿರಿ ಅಂತ. ಅವರ ಹುಬ್ಬು ಮೇಲೆ ಹೋಯಿತು. ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ನಾನು ಕಿರುಚಲಿಲ್ಲ, ಮುಖವನ್ನೂ ಹಿಂಡಲಿಲ್ಲ. ಅವರಿಗೆ ಅನುಮಾನ ಬಂತು. ಮುಷ್ಟಿ ಬಿಗಿದು, ತಿರುಪು ತಿರುಗಿಸುವ ಹಾಗೆ ಹೊಟ್ಟೆಯ ಮುಂದೆ ತಿರುಚಿ ‘ಕಿರಿಕಿರಿ?’ ಅಂದರು. ಆಮೇಲೆ ಅಂಗೈ ಬಿಡಿಸಿ, ನಿಧಾನವಾಗಿ ಗಾಳಿಯಲ್ಲೇ ಸವರಿ ‘ಶಿಕುಶಿಕು?’ ಅಂದರು. ಆಗ ಗೊತ್ತಾಯ್ತು. ನನ್ನದು ಎರಡನೆಯದು: ಮಂದವಾಗಿ, ಬಿಡದೆ, ಒಳಗೊಳಗೇ ನೋಯೋದು. ಅವರ ಕಿರಿಕಿರಿ ಅಂದರೆ ಒಳಗೆ ಕೊರೆದು ತಿರುಚಿದ ಹಾಗೆ ಬರೋ ಚೂಪು ನೋವು. ನಮ್ಮ ಕಿರಿಕಿರಿಗೆ ಅವರಲ್ಲಿ ಇರೋ ಪದ ಇರಾಇರಾ.

ಆ ಎರಡು ಕೈಚಲನೆಗಳಿಂದ ನಾನು ಕಲಿತದ್ದು ಯಾವ ಪಟ್ಟಿಯಿಂದಲೂ ಕಲಿತಿರಲಿಲ್ಲ. ಜೊತೆಗೆ, ಕನ್ನಡಿಗರಿಗೆ ನಾನು ಯಾವಾಗಲೂ ಹೇಳುವ ಒಂದು ಮಾತು ಅಲ್ಲಿಂದಲೇ ಬಂತು. ಈ ಪದಗಳ ವಿಷಯದಲ್ಲಿ ಕನ್ನಡದ ಯಂತ್ರವನ್ನು ನಂಬಿ, ಕನ್ನಡದ ಸದ್ದನ್ನು ನಂಬಬೇಡಿ.

ಸದ್ದಿನ ಮೋಸ ಮೊದಲು ಮುಗಿಸಿಬಿಡೋಣ. ನಮ್ಮ ದೋಸೆ ಗರಿಗರಿ. ಜಪಾನಿನಲ್ಲಿ ಗರಿಗರಿ ಅಂದರೆ ಗಟ್ಟಿ ವಸ್ತುವನ್ನು ಕಡಿಯೋದು, ಕೆರೆಯೋದು. ಅಲ್ಲಿ 1981ರಿಂದ ಮಾರುತ್ತಿರೋ ಗರಿಗರಿ-ಕುನ್ ಅನ್ನೋ ಐಸ್ ಕಡ್ಡಿ ಇದೆ, ಹಲ್ಲಿನಲ್ಲಿ ಐಸ್ ಕಡಿಯುವ ಸದ್ದೇ ಅದರ ಹೆಸರು. ಮೂಳೆಚಕ್ಕಳವಾದ ಮನುಷ್ಯನಿಗೂ ಗರಿಗರಿ ಅನ್ನುತ್ತಾರೆ. ತೆಳ್ಳಗಿನ ದೋಸೆಗೆ ಅವರು ಹೇಳೋದು ಪರಿಪರಿ. ಬುಗುರಿ ನಮಗೆ ಗರಗರ ತಿರುಗುತ್ತೆ, ಅವರಿಗೆ ಗುರುಗುರು. ನಾವು ಸರಸರ ನಡೆಯುತ್ತೇವೆ. ಅವರಿಗೆ ಕೂದಲು ಸರಸರ, ತೊರೆ ಹರಿಯೋದೂ ಸರಸರ, ಅಂದರೆ ಎಲ್ಲೂ ತಡೆಯಿಲ್ಲದೆ, ಸಿಕ್ಕಿಲ್ಲದೆ. ಅಪರೂಪಕ್ಕೆ ಒಂದು ನಮ್ಮ ಕಡೆ ಬೀಳುತ್ತೆ. ಹರಹರ ಅಂದರೆ ಬೇರೆಯವರ ಅಪಾಯ ನೋಡುತ್ತಾ ಜೀವ ಕೈಯಲ್ಲಿ ಹಿಡಿದು ಕೂರೋದು. ಮಗು ಗೋಡೆಯ ಅಂಚಿನ ಮೇಲೆ ನಡೆಯುತ್ತಿದ್ದರೆ ನಮ್ಮ ಬಾಯಲ್ಲಿ ಬರೋದೂ ‘ಹರಹರಾ’ ತಾನೇ? ಬರೀ ಕಾಕತಾಳೀಯ. ಆದರೂ ಮರೆಯೋದಿಲ್ಲ.

ಇನ್ನು ಯಂತ್ರ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಒಂದು ಪುಟ ಓದಿ ಮುಗಿಸಿದ್ದೆವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ನಾವು ‘ಥಟ್ ಅಂತ ಎದ್ದ’ ಅನ್ನುತ್ತೇವೆ. ಎದ್ದವನು ಏನೂ ಅನ್ನಲಿಲ್ಲ. ಆದರೂ ‘ಅಂತ’ ಬೇಕು. ಜಪಾನಿಯಲ್ಲಿ ಆ ಕೆಲಸ ‘ತೊ’ ಮಾಡುತ್ತೆ. ಯಾರಾದರೂ ಹೇಳಿದ್ದನ್ನು ವರದಿ ಮಾಡುವಾಗ ಬರೋ ‘ತೊ’ ಇದೇ, ನಮ್ಮ ‘ಅಂತ’ ಇದ್ದ ಹಾಗೆ. ‘ಹತ್ತೊ’ (ಥಟ್ಟನೆ ಬೆಚ್ಚಿದ ಹಾಗೆ), ‘ಕಿರತ್ತೊ’ (ಒಮ್ಮೆ ಮಿನುಗಿದ ಹಾಗೆ) ಥರದ ಮೋಟು ಪದಗಳಿಗೆ ‘ತೊ’ ಅಂಟಿಕೊಂಡೇ ಇರುತ್ತೆ. ಕೊರೊಕೊರೊ ಥರದ ಪೂರ್ತಿ ಜೋಡಿಗಳಿಗೆ ಬಿಟ್ಟರೂ ನಡೆಯುತ್ತೆ. ನಾವೂ ‘ಥಟ್ ಎದ್ದ’ ಅನ್ನೋದಿಲ್ಲ, ಆದರೆ ‘ಸರಸರ ನಡೆದ’ ಅನ್ನುತ್ತೇವೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದನ್ನು ವಿವರಿಸೋಕೆ ಒಂದು ಇಡೀ ಪಾಠ ಬೇಕು. ನಿಮಗೆ ಬೇಕಿಲ್ಲ.

ಸದ್ದೇ ಇಲ್ಲದ್ದಕ್ಕೂ ಸದ್ದಿನ ಪದ ಯಾಕೆ ಅನ್ನೋ ಪ್ರಶ್ನೆಯೂ ನಿಮಗೆ ಬರಬಾರದು. ಜಪಾನಿಗಳು ಸದ್ದಿನ ಪದಗಳನ್ನು ಗಿಓಂಗೊ ಅಂತಲೂ, ಸದ್ದಿಲ್ಲದ ಸ್ಥಿತಿ, ರೀತಿ ಹೇಳುವವನ್ನು ಗಿತಾಯ್‌ಗೊ ಅಂತಲೂ ಬೇರೆ ಮಾಡುತ್ತಾರೆ. ಮೌನಕ್ಕೇ ಅವರಲ್ಲಿ ಒಂದು ಪದ ಇದೆ: ಶೀನ್. ಮಗಳು ಗಂಡನ ಮನೆಗೆ ಹೋದ ಮರುದಿನ ನಮ್ಮ ಮನೆ ‘ಬಿಕೋ’ ಅನ್ನುತ್ತೆ. ಬಿಕೋ ಯಾವ ಸದ್ದು? ಶೀನ್‌ನಲ್ಲಿ ಬಿಕೋದಷ್ಟು ದುಃಖ ಇಲ್ಲ, ಬರೀ ನಿಶ್ಶಬ್ದ ಇದೆ. ಆದರೆ ಎರಡೂ ಒಂದೇ ಜಾತಿಯವು. ಥಳಥಳದಿಂದ ಥಳಥಳಿಸು ಮಾಡಿದ ಹಾಗೆ ಅವರು ಕಿರಕಿರದ ಕಿರದಿಂದ ಕಿರಮೆಕು ಅನ್ನೋ ಕ್ರಿಯಾಪದ ಮಾಡಿಕೊಂಡಿದ್ದಾರೆ. ಮಿನುಗು ಅಂತ ಅರ್ಥ.

ಈಗ ನಿಮ್ಮ ಪಟ್ಟಿ ತೆಗೆದು, ಒಂದೇ ಬೇರಿನ ಪದಗಳನ್ನು ಒಟ್ಟಿಗೆ ತನ್ನಿ. ಟಪಟಪ ಅಂದರೆ ಬೀಳುತ್ತಲೇ ಇದೆ. ಟಪ್ಪನೆ ಅಂದರೆ ಒಂದೇ ಸಲ, ಥಟ್ಟನೆ. ನಿಕೊನಿಕೊ ಅಂದರೆ ಮುಖದಲ್ಲಿ ನಿಂತೇ ಇರೋ ನಗು. ನಿಕೊತ್ತೊ ಅಂದರೆ ಒಂದು ಸಲ ಹೊಳೆದು ಹೋದ ನಗು. ನಿಕ್ಕೊರಿ ಅಂದರೂ ಒಂದೇ ಸಲ, ಆದರೆ ಮುಖ ತುಂಬಾ ಅರಳಿ ನಿಲ್ಲುವಂಥದ್ದು. ಗೋಲಿ ಉರುಳುತ್ತಲೇ ಇದ್ದರೆ ಕೊರೊಕೊರೊ. ಒಂದು ಸುತ್ತು ಉರುಳಿದರೆ ಕೊರೊತ್ತೊ ಅಥವಾ ಕೊರೊರಿ. ಕೊರೊನ್ ಅಂದಾಗ ಕೊನೆಯ ‘ನ್’ ಒಂದು ಪುಟ್ಟ ಅನುರಣನ ಬಿಡುತ್ತೆ. ದೋಕಿದೋಕಿ ನಮ್ಮ ಎದೆ ಡವಡವ. ದೋಕಿತ್ತೊ ಅಂದರೆ ಎದೆ ಒಮ್ಮೆ ಧಸಕ್ ಅಂದಿದ್ದು. ಒಂದು ಬೇರು ಕಲಿತರೆ ಮೂರು ನಾಲ್ಕು ಪದ ಪುಕ್ಕಟೆ ಸಿಗುತ್ತವೆ. ಎಲ್ಲ ಬೇರಿಗೂ ಎಲ್ಲ ರೂಪ ಇರೋದಿಲ್ಲ ಅನ್ನೋದು ಮಾತ್ರ ನೆನಪಿರಲಿ. ಸುಮ್ನೆ ಹೊಸದು ಕಟ್ಟಿ ಹೇಳಬೇಡಿ, ಕೇಳಿದ್ದನ್ನು ಗುರುತಿಸೋಕೆ ಬಳಸಿಕೊಳ್ಳಿ.

ಇದಕ್ಕಿಂತ ಜಾಸ್ತಿ ಫಲ ಕೊಡೋದು ಕ-ಗ, ಸ-ಝ, ತ-ದ ವ್ಯತ್ಯಾಸ. (ನಾನು ಝ ಅಂತ ಬರೆದಲ್ಲಿ ಝಡ್ ಉಚ್ಚಾರ ಮಾಡಿಕೊಳ್ಳಿ.) ಬಾಗಿಲನ್ನು ಮೆಲ್ಲಗೆ ತಟ್ಟಿದರೆ ತೊನ್‌ತೊನ್, ಗುದ್ದಿದರೆ ದೊನ್‌ದೊನ್. ಗೋಲಿ ಕೊರೊಕೊರೊ, ಬಂಡೆ ಗೊರೊಗೊರೊ. ನೆಲ್ಲಿಕಾಯಿ ಟಪ್ ಅಂತ, ಹಲಸಿನಹಣ್ಣು ದಬ್ ಅಂತ ಬೀಳುವ ನಮ್ಮ ಕಿವಿಗೆ ಇದು ಹೊಸದಲ್ಲ. ಹಗುರಕ್ಕೆ ಟ, ಭಾರಕ್ಕೆ ದ.

ಆದರೆ ಇಲ್ಲೇ ಒಂದು ತಿರುವು ಇದೆ. ನಮಗೆ ಜೋರು ತೋರಿಸೋಕೆ ಮಹಾಪ್ರಾಣವೂ ಇದೆ: ಧಗಧಗ, ಭರ್ರನೆ, ಢಣಢಣ. ಆಡುಮಾತಿನಲ್ಲಿ ‘ಹ’ಕಾರ ನುಂಗುವವರೂ ಈ ಪದಗಳಲ್ಲಿ ಮಾತ್ರ ಎದೆಯಿಂದ ಒತ್ತಿ ಹೇಳುತ್ತಾರೆ, ಗಮನಿಸಿ. ಜಪಾನಿಯಲ್ಲಿ ಮಹಾಪ್ರಾಣ ಇಲ್ಲ. ಹಾಗಾಗಿ ಗ, ಝ, ದ, ಬ ಅಕ್ಷರಗಳೇ ಭಾರ, ಗಾತ್ರ, ಜೋರು ಎಲ್ಲವನ್ನೂ ಹೊರಬೇಕು. ಅದರ ಮೇಲೆ ಇನ್ನೊಂದು ಹೊರೆ: ಅಸಹ್ಯ. ನಕ್ಷತ್ರ ಕಿರಕಿರ. ಮಗುವಿನ ಕಣ್ಣು ಕಿರಕಿರ. ಬೇಸಿಗೆಯ ಮಟಮಟ ಮಧ್ಯಾಹ್ನದ ಸೂರ್ಯ ಗಿರಗಿರ. ಸಾರಿನ ಮೇಲೆ ತೇಲೋ ಎಣ್ಣೆ ಗಿರಗಿರ. ಆಸೆಬುರುಕನ ಕಣ್ಣೂ ಗಿರಗಿರ. ಹೊಳಪು ಜಾಸ್ತಿ ಆಗಿದ್ದಷ್ಟೇ ಅಲ್ಲ, ಹೊಳಪು ಚುಚ್ಚೋಕೆ ಶುರುವಾಯ್ತು. ಸರಸರ ಕೂದಲು ಕೈಯಲ್ಲಿ ಜಾರುತ್ತೆ, ಝರಝರ ಗೋಡೆ ಕೈ ತರಚುತ್ತೆ. ತೊರೊತೊರೊ ಅಂದರೆ ಹದವಾಗಿ ಕರಗಿದ ಚೀಸ್, ಬಾಯಲ್ಲಿ ನೀರೂರಬೇಕು. ದೊರೊದೊರೊ ಅಂದರೆ ಕೆಸರು. ಗೆಳತಿಯ ಅಮ್ಮ ಮಾಡಿದ ಅಡುಗೆಯನ್ನು ಹೊಗಳುವಾಗ ತ-ದ ತಪ್ಪಿದರೆ ಏನಾಗುತ್ತೆ ಅಂತ ಊಹಿಸಿ.

‘ಹ’ ಸಾಲಿಗೆ ಮೂರು ಕವಲು. ಹೂವಿನ ಎಸಳು ಹರಹರ ಉದುರುತ್ತೆ (ಆಗಲೇ ಹೇಳಿದ ಆತಂಕದ ಹರಹರ ಬೇರೆ). ಮಳೆ ನಾಲ್ಕು ಹನಿ ಪರಪರ ಬೀಳುತ್ತೆ. ಆಲಿಕಲ್ಲು ಬರಬರ ಸುರಿಯುತ್ತೆ. ಮೃದು, ಹಗುರ, ಒರಟು.

ಮಳೆಯ ಮಾತು ಬಂತು, ಒಂದು ನಿಮಿಷ ನಿಲ್ಲೋಣ. ವಿದ್ಯಾರ್ಥಿಗಳು ಶಿತೊಶಿತೊ ಅಂದರೆ ಜಿಟಿಜಿಟಿ ಅಂತ ಬರೆದುಕೊಳ್ಳುತ್ತಾರೆ. ಮುಕ್ಕಾಲು ಸರಿ. ಎರಡೂ ಸಣ್ಣಗೆ, ಬಿಡದೆ ಬೀಳೋ ಮಳೆಯೇ. ಆದರೆ ಜಿಟಿಜಿಟಿ ಅಂದಾಗ ಒಣಗದ ಬಟ್ಟೆ, ಕೆಸರಾದ ಅಂಗಳ, ಹೊರಗೆ ಹೋಗೋಕೆ ಬೇಜಾರು ಎಲ್ಲ ಜೊತೆಗೆ ಬರುತ್ತೆ. ಶಿತೊಶಿತೊ ಸದ್ದಿಲ್ಲದ, ಶಾಂತ ಮಳೆ. ಕಿಟಕಿ ಪಕ್ಕ ಕೂತು ನೋಡಬಹುದು. ಆ ಒಣಗದ ಬಟ್ಟೆಯ ಬೇಜಾರಿಗೆ ಅವರು ಬೇರೆ ಪದ ಇಟ್ಟುಕೊಂಡಿದ್ದಾರೆ: ಜಿಮೆಜಿಮೆ. ಜೂನ್-ಜುಲೈನ ಅವರ ಮಳೆಗಾಲ ಪೂರ್ತಿ ಜಿಮೆಜಿಮೆ. ನಮ್ಮ ಒಂದು ಪದ ಅಲ್ಲಿ ಎರಡು ಮನೆ ಮಾಡಿಕೊಂಡಿದೆ. ಆದ್ದರಿಂದ ‘ಇದಕ್ಕೆ ಸಮನಾದ ಕನ್ನಡ ಪದ’ ಅಂತ ಒಂದು ಗೆರೆ ಎಳೆದು ನಿಲ್ಲಿಸಬೇಡಿ. ಎಲ್ಲಿ ಹೊಂದೋದಿಲ್ಲ ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ.

ಎನ್2 ಹಂತದಲ್ಲಿ ನಿಜವಾಗಲೂ ಕಾಡೋದು ಮನಸ್ಸಿನ ಪದಗಳು. ಇಲ್ಲಿ ಕೇಳಬೇಕಾದ ಪ್ರಶ್ನೆ: ಇದು ಒಳಗಿನಿಂದ ಕಾಣುತ್ತಾ, ಹೊರಗಿನಿಂದ ಕಾಣುತ್ತಾ? ಗಕ್ಕರಿ ಮತ್ತು ಶೊಂಬೊರಿ ಎರಡಕ್ಕೂ ಪಟ್ಟಿಗಳಲ್ಲಿ ‘ನಿರಾಶೆ’ ಅಂತ ಇರುತ್ತೆ. ಗಕ್ಕರಿ ಅಂದರೆ ಅಂದುಕೊಂಡದ್ದು ಕುಸಿದುಬಿದ್ದ ನನ್ನ ಒಳಗಿನ ಅನುಭವ. ಮ್ಯಾಚ್ ರದ್ದಾಯ್ತು, ಗಕ್ಕರಿ. ಶೊಂಬೊರಿ ಅಂದರೆ ತಲೆ ತಗ್ಗಿಸಿ, ಭುಜ ಇಳಿಬಿಟ್ಟು ಕೂತವನು ನೋಡುವವರ ಕಣ್ಣಿಗೆ ಕಾಣೋ ರೀತಿ. ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದ ಅನ್ನುತ್ತೇವಲ್ಲ, ಅದು. ‘ನಾನು ಶೊಂಬೊರಿ ಆದೆ’ ಅಂದರೆ ನಿಮ್ಮನ್ನು ನೀವೇ ಕ್ಯಾಮೆರಾ ಇಟ್ಟು ನೋಡಿದ ಹಾಗೆ. ನಿಕೊನಿಕೊ ಮತ್ತು ನಿಯನಿಯದಲ್ಲೂ ಇಂಥದ್ದೇ ಆಟ. ತುಟಿ ಅಷ್ಟೇ ಅಗಲ ಆಗಿರಬಹುದು. ಆದರೆ ಆ ನಗುವಿನ ಹಿಂದೆ ಏನೋ ಮಸಲತ್ತು ಇದೆ ಅಂತ ನೋಡುವವನಿಗೆ ಅನ್ನಿಸಿದರೆ ನಿಯನಿಯ. ‘ನಿಮ್ಮ ಬಾಸ್ ಯಾವಾಗಲೂ ನಿಯನಿಯ ಮಾಡುತ್ತಿರುತ್ತಾರೆ’ ಅನ್ನೋದು ಹೊಗಳಿಕೆ ಅಲ್ಲ, ದೂರು.

ಎದೆ ಬಡಿತದ ಪದಗಳನ್ನೂ ಹೀಗೇ ಬೇರೆ ಮಾಡಿ. ನಾಳೆ ಬೆಳಗ್ಗೆ ಪ್ರವಾಸ ಅಂತ ನಿದ್ದೆ ಬರದ ಮಗುವಿಗೆ ವಕುವಕು. ಇಲ್ಲಿ ಭಯ ಸೇರೋದಿಲ್ಲ, ಒಳ್ಳೆಯದಕ್ಕೆ ಮಾತ್ರ. ದೋಕಿದೋಕಿಗೆ ಪಕ್ಷ ಇಲ್ಲ. ಮೆಟ್ಟಿಲು ಹತ್ತಿದರೂ, ಸಂದರ್ಶನಕ್ಕೆ ಕೂತರೂ, ಇಷ್ಟದವರು ಎದುರಿಗೆ ಬಂದರೂ ದೋಕಿದೋಕಿ. ಕೊನೆಯ ಓವರ್ ನೋಡುತ್ತಾ ಉಗುರು ಕಚ್ಚುತ್ತಿದ್ದರೆ ಹರಹರ. ಬ್ಯಾಟ್ ಹಿಡಿದವರು ನೀವೇ ಆಗಿದ್ದರೆ ಅದು ಹರಹರ ಅಲ್ಲ, ಮತ್ತೆ ದೋಕಿದೋಕಿ.

ಒಂದು ವ್ಯಾಕರಣದ ಸಂಗತಿಯನ್ನು ಪುಸ್ತಕಗಳು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡುತ್ತವೆ, ನಾನು ಸ್ವಲ್ಪ ಜೋರಾಗಿ ಹೇಳುತ್ತೇನೆ. ಒಂದೇ ಪದ ‘ತೊ’ ಜೊತೆ ಬಂದರೆ ಆಗುತ್ತಿರೋ ರೀತಿ. ‘ದ’ ಅಥವಾ ‘ನಿ’ ಜೊತೆ ಬಂದರೆ ಆಗಿ ನಿಂತ ಸ್ಥಿತಿ. ಟೋಕಿಯೋ ಉಚ್ಚಾರದಲ್ಲಿ ಸ್ವರವೂ ಬದಲಾಗುತ್ತೆ. ‘ಗರಗರ ತೊ’ ಅನ್ನುವಾಗ ಮೊದಲ ‘ಗ’ ಎತ್ತರದಲ್ಲಿದ್ದು ಆಮೇಲೆ ಧ್ವನಿ ಇಳಿಯುತ್ತೆ. ಆಗ ಬಾಗಿಲೋ ಗಾಡಿಯೋ ಗಡಗಡ ಸದ್ದು ಮಾಡುತ್ತಿದೆ. ‘ಗರಗರ ದ’ ಅನ್ನುವಾಗ ಧ್ವನಿ ಇಳಿಯೋದೇ ಇಲ್ಲ, ಮಟ್ಟಸವಾಗಿ ಹೋಗುತ್ತೆ. ಆಗ ರೈಲು ಖಾಲಿ ಹೊಡೀತಿದೆ ಅಂತ ಅರ್ಥ. ಬರಬರಕ್ಕೂ ಹೀಗೇ. ಆಲಿಕಲ್ಲು ಬೀಳುವಾಗ ಒಂದು ಸ್ವರ, ಕುಟುಂಬ ಚೆಲ್ಲಾಪಿಲ್ಲಿ ಆದಾಗ ಇನ್ನೊಂದು. ಹೊಟ್ಟೆ ಚುರುಚುರು ಅನ್ನೋ ಪೆಕೊಪೆಕೊ, ಗಂಟಲು ಒಣಗಿದ ಕರಕರ, ಇವೆಲ್ಲ ಮಟ್ಟಸ ಧ್ವನಿಯವು. ಒಂದು ವಾರ ಬರೀ ಇದನ್ನೇ ಕಿವಿಗೊಟ್ಟು ಕೇಳಿ.

ಆಫೀಸಿನ ಮೇಲ್‌ನಲ್ಲಿ ಬಳಸಬಹುದಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಯುಕ್ಕುರಿ, ಹಕ್ಕಿರಿ (ಸ್ಪಷ್ಟವಾಗಿ), ಶಿಕ್ಕರಿ (ಗಟ್ಟಿಯಾಗಿ) ಥರ ನಡುವೆ ಒತ್ತು ಇದ್ದು ‘ರಿ’ಯಲ್ಲಿ ಮುಗಿಯೋವು ಹುಟ್ಟಿನಿಂದ ಇದೇ ಕುಲದವಾದರೂ ಈಗ ಮಾಮೂಲಿ ಪದಗಳಾಗಿಬಿಟ್ಟಿವೆ, ಧೈರ್ಯವಾಗಿ ಹಾಕಿ. ಪೂರ್ತಿ ಜೋಡಿಗಳನ್ನು ವರದಿಯಲ್ಲಿ ಕಡಿಮೆ ಮಾಡಿ. ‘ಮಾರಾಟ ದಬಕ್ಕನೆ ಬಿತ್ತು’ ಅಂತ ನಾವೂ ಬರೆಯೋದಿಲ್ಲವಲ್ಲ.

ಕಲಿಯೋ ವಿಧಾನ ಹೇಳಿ ಅಂದರೆ, ಮೊದಲು ಆ ಪಟ್ಟಿಯ ಅರ್ಥದ ಕಾಲಂ ಅಳಿಸಿ. 2007ರಲ್ಲಿ ಬಂದ ಒಂದು ಜಪಾನಿ ಕೋಶದಲ್ಲಿ ಇಂಥ 4500 ಪದಗಳಿವೆ, ಪಟ್ಟಿ ಮಾಡಿ ಗೆಲ್ಲೋ ಯುದ್ಧ ಅಲ್ಲ ಇದು. ಅರ್ಥದ ಜಾಗದಲ್ಲಿ ಒಂದು ಪೂರ್ತಿ ವಾಕ್ಯ ಬರೆಯಿರಿ: ಯಾರು, ಏನು, ಯಾವ ಕ್ರಿಯಾಪದ. ನನ್ನ ಹಳೆಯ ನೋಟ್‌ಬುಕ್‌ನಲ್ಲಿ ಗೊರೊಗೊರೊ ಎದುರು ಐದು ಸಾಲು ಇದೆ. ಗುಡುಗು. ಬೆಕ್ಕಿನ ಗಂಟಲು. ಬಂಡೆ. ಕಣ್ಣಿಗೆ ಬಿದ್ದ ಕಸ ಒತ್ತೋದು. ಭಾನುವಾರ ಚಾಪೆ ಮೇಲೆ ಸುಮ್ನೆ ಹೊರಳಾಡೋದು. ಐದೂ ಒಟ್ಟಿಗೆ ಕಂಡಾಗಲೇ ಒಳಗಿನ ಚಿತ್ರ ಹೊಳೆದದ್ದು: ಏನೋ ದಪ್ಪ, ಭಾರದ್ದು ಉರುಳುತ್ತಿದೆ. ಭಾನುವಾರ ಉರುಳುತ್ತಿರೋದು ನಾನೇ.

ವಾಕ್ಯ ಎಲ್ಲಿಂದ ತರೋದು? ತಿಂಡಿ ಪೊಟ್ಟಣಗಳು ಒಳ್ಳೆಯ ಗುರು. ಬಿಸ್ಕತ್ತಿನ ಮೇಲೆ ಸಕುಸಕು, ಬ್ರೆಡ್ಡಿನ ಮೇಲೆ ಫುವಫುವ ಅಥವಾ ಮೊಚಿಮೊಚಿ ಅಂತ ಇರುತ್ತೆ, ಪಕ್ಕದಲ್ಲೇ ಚಿತ್ರ. ಇಂಟರ್ನೆಟ್‌ನಲ್ಲಿ ಪದ ಹಾಕಿ ಚಿತ್ರಗಳನ್ನು ಮಾತ್ರ ನೋಡಿ. ನಿಯನಿಯ ಹಾಕಿ ನೋಡಿ, ಬೇರೆ ವಿವರಣೆ ಬೇಕಾಗೋದಿಲ್ಲ. ಇನ್ನೂ ಒಳಗೆ ಹೋಗಬೇಕು ಅಂದರೆ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆ 2011ರಲ್ಲಿ ಹೊರತಂದ ಸುಮಾರು 10 ಕೋಟಿ ಪದಗಳ ಪಠ್ಯಸಂಗ್ರಹ ಇದೆ. ಅದನ್ನು ಹುಡುಕೋಕೆ ಶೋನಗೊನ್ ಅನ್ನೋ ಉಚಿತ ಸಾಧನ ಮಾಡಿದ್ದಾರೆ. ನೊರೊನೊರೊ ಹಾಕಿ ಇಪ್ಪತ್ತು ವಾಕ್ಯ ಓದಿ. ಒಂದರಲ್ಲಾದರೂ ಅತಿಥಿ ಊಟಕ್ಕೆ ಕೂತಿದ್ದರೆ ನನಗೆ ಬರೆದು ತಿಳಿಸಿ.

ತಪ್ಪಾದರೆ ನಾಚಬೇಡಿ. 2011ರ ಮಾರ್ಚ್ 11ರ ಭೂಕಂಪದ ನಂತರ ಈಶಾನ್ಯದ ತೊಹೊಕು ಪ್ರದೇಶಕ್ಕೆ ಹೊರಗಿನಿಂದ ವೈದ್ಯರು ಬಂದರು. ಅಲ್ಲಿನ ಮುದುಕರು ತಮ್ಮ ಆಡುನುಡಿಯ ಜೋಡಿಪದಗಳಲ್ಲಿ ನೋವು ಹೇಳಿಕೊಂಡಾಗ ಜಪಾನಿ ವೈದ್ಯರಿಗೇ ಅರ್ಥವಾಗದೆ ಪೇಚಾಡಿದರು. ಕೊನೆಗೆ ಅದೇ ಭಾಷಾ ಸಂಸ್ಥೆಯಿಂದ ಆ ಪದಗಳ ಒಂದು ಪುಸ್ತಿಕೆ ಮಾಡಿಕೊಡಬೇಕಾಯ್ತು. ನನ್ನ ಕಿರಿಕಿರಿ ಯಾವ ಲೆಕ್ಕ.

ಕೊನೆಗೆ ನಿಮ್ಮ ಅತಿಥಿ. ಮುಂದಿನ ಸಲ ಬಂದಾಗ ತಟ್ಟೆ ಇಟ್ಟು ‘ಗೊಯುಕ್ಕುರಿ ದೋಝೊ’ ಅನ್ನಿ, ಸಾಕು. ಊಟ ಆಗಿ, ಮಾತು ಮುಗಿದು, ಅವರು ಗಡಿಯಾರ ನೋಡಿ ‘ಸೊರೊಸೊರೊ...’ ಅಂತ ವಾಕ್ಯ ಅರ್ಧಕ್ಕೇ ಬಿಡಬಹುದು. ನಿಮ್ಮ ನಿಘಂಟು ಅಲ್ಲೂ ‘ನಿಧಾನವಾಗಿ’ ಅನ್ನುತ್ತೆ, ನಂಬಬೇಡಿ. ‘ಬರ್ಲಾ ಹಾಗಾದ್ರೆ’ ಅಂತ ಅರ್ಥ. ಎದ್ದು ಚಪ್ಪಲಿ ಹುಡುಕಿಕೊಡಿ.